ಅಟ್ಟದ ಮೇಲಿನ ಡಬ್ಬಿ ಕ್ಯಾಮೆರಾ ಮಾರಬೇಕಾ?

ಪ್ರಶ್ನೆ: ಮನೆ ರಿಪೇರಿ ಮಾಡಿಸುವಾಗ ಅಟ್ಟದಲ್ಲಿ ತಾತನ ಕ್ಯಾಮೆರಾ ಸಿಕ್ಕಿತು. ಕರೀ ಡಬ್ಬಿ, ಮೇಲೊಂದು ಹಿಡಿ, ಮುಂದೆ ಮೂರು ಕಣ್ಣು. ‘ಬ್ರೌನಿ’ ಅಂತ ಬರೆದಿದೆ. ಗುಜರಿಯವರು 200 ರೂಪಾಯಿ ಕೊಡ್ತೀನಿ ಅಂದರು. ಕೊಟ್ಟುಬಿಡಲಾ? ಇದರಲ್ಲಿ ಈಗಲೂ ಫೋಟೊ ಬರುತ್ತಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದಯವಿಟ್ಟು ಕೊಡಬೇಡಿ. ದುಡ್ಡಿನ ಆಸೆ ಜಾಸ್ತಿ ಬೇಡ, ಬ್ರೌನಿಗಳನ್ನು ಲಕ್ಷಗಟ್ಟಲೆ ಮಾಡಿದ್ದರು. ಆದರೆ ಅಷ್ಟೊಂದು ಮನೆ ಸೇರಿದ್ದೇ ಅದರ ದೊಡ್ಡತನ ಅಲ್ವಾ?

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ತಂದ ಮೊದಲ ಕೊಡಾಕ್ ಕ್ಯಾಮೆರಾಗೆ 25 ಡಾಲರ್. ನೂರು ಫೋಟೊ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ಅವರು ಫಿಲ್ಮ್ ತೊಳೆದು, ಪ್ರಿಂಟ್ ಹಾಕಿ, ಹೊಸ ರೋಲು ತುಂಬಿ ವಾಪಸ್ ಕಳಿಸುತ್ತಿದ್ದರು. ಉಳ್ಳವರಿಗಷ್ಟೇ ಸಾಧ್ಯ. 1900ರಲ್ಲಿ ಅದೇ ಕಂಪನಿಯಿಂದ ಬಂದ ಬ್ರೌನಿಗೆ ಬರೀ 1 ಡಾಲರ್, ಫಿಲ್ಮಿಗೆ 15 ಸೆಂಟ್! ಮೈಯೆಲ್ಲ ರಟ್ಟು. ಮಕ್ಕಳೂ ಫೋಟೊ ತೆಗೆಯಲಿ ಅಂತಲೇ ಮಾಡಿದ್ದು. ಅಲ್ಲಿವರೆಗೆ ಫೋಟೊ ಅಂದರೆ ಸ್ಟುಡಿಯೊ ಪರದೆ ಮುಂದೆ ಬಿಗಿಯಾಗಿ ಕೂರುವುದು. ಆಮೇಲೆ ಅಂಗಳದಲ್ಲಿ ಆಡುವ ಮಗು, ಬಾಗಿಲಲ್ಲಿ ನಿಂತ ಅಜ್ಜಿ, ಮನೆ ನಾಯಿ ಎಲ್ಲರೂ ಫೋಟೊಗೆ ಬಂದರು. ನನಗೆ ಈ ಡಬ್ಬಿ ಇಷ್ಟವಾಗುವುದು ಇದಕ್ಕೇ.

ಜರ್ಮನಿಯ ಆಗ್ಫಾ ಕಂಪನಿ 1932ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎ, ಜಿ, ಎಫ್, ಎ ಅಂತ ಟಂಕಸಾಲೆಯ ಗುರುತು ಇರುವ, ಒಂದೊಂದು ಮಾರ್ಕಿನ ನಾಲ್ಕು ನಾಣ್ಯ ಹುಡುಕಿ ತಂದವರಿಗೆ ಇಂಥದ್ದೇ ಡಬ್ಬಿ ಕ್ಯಾಮೆರಾ ಕೊಟ್ಟಿತು. ಜನ ಚಿಲ್ಲರೆ ತಡಕಾಡಿರಬೇಕು!

ನಿಮ್ಮ ಡಬ್ಬಿಯ ಮೂರು ಕಣ್ಣಲ್ಲಿ ಲೆನ್ಸ್ ಒಂದೇ. ಉಳಿದೆರಡು ನೋಡುವುದಕ್ಕೆ, ಒಂದು ಉದ್ದ ಚಿತ್ರಕ್ಕೆ, ಇನ್ನೊಂದು ಅಡ್ಡ ಚಿತ್ರಕ್ಕೆ. ಫೋಕಸ್ ಮಾಡುವ ಗೋಜಿಲ್ಲ, ಬ್ಯಾಟರಿ ಇಲ್ಲ, ಕೆಡುವ ಸಾಮಾನೇ ಕಡಿಮೆ. ಹಿಂದಿನ ಮುಚ್ಚಳ ತೆಗೆದು ಒಳಗೆ 120 ಅಂತ ಇದೆಯಾ, 620 ಅಂತ ಇದೆಯಾ ನೋಡಿ, ಇವು ಫಿಲ್ಮ್ ರೋಲಿನ ನಮೂನೆಗಳು. 120 ಆದರೆ ಚಿಂತೆಯಿಲ್ಲ, 1901ರಲ್ಲಿ ಶುರುವಾದ ಆ ರೋಲು ಇವತ್ತಿಗೂ ಸಿಗುತ್ತದೆ. 620 ಅನ್ನು ಕೊಡಾಕ್ 1995ರಲ್ಲಿ ನಿಲ್ಲಿಸಿತು, ಆದರೆ ಫಿಲ್ಮಿನ ಅಗಲ ಎರಡಕ್ಕೂ ಒಂದೇ, ಸುತ್ತುವ ಕಡ್ಡಿ ಮಾತ್ರ ಸಣ್ಣದು. ಪೂರ್ತಿ ಕತ್ತಲೆಯಲ್ಲಿ 120 ರೋಲನ್ನು ಹಳೇ 620 ಕಡ್ಡಿಗೆ ಸುತ್ತಿಕೊಂಡರೆ ಆಯಿತು. ಅದಕ್ಕೇ ಹೇಳ್ತೀನಿ, ಒಳಗಿರುವ ಖಾಲಿ ಕಡ್ಡಿಯನ್ನು ಸುಮ್ನೆ ಬಿಸಾಡಬೇಡಿ.

ಪ್ರಶ್ನೆ: ನಮ್ಮಪ್ಪನ ಆಗ್ಫಾ ಕ್ಲಿಕ್ ತ್ರೀ ಚೆನ್ನಾಗಿದೆ. ಕೋಟೆಯಲ್ಲಿ ಫೋಟೊ ತೆಗೆದರೆ ಬರುತ್ತಾ?
– ಓದುಗರು, ಚಿತ್ರದುರ್ಗ

ಉತ್ತರ: ಖಂಡಿತ ಬರುತ್ತದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಕ್ಯಾಮೆರಾ ಅದು, ನಮ್ಮ ಎಷ್ಟೋ ಮನೆಗಳ ಆಲ್ಬಮ್ ಅದರಿಂದಲೇ ತುಂಬಿದೆ. 120 ರೋಲು, 12 ಚೌಕ ಫೋಟೊ. ಇದಕ್ಕೆ ಬೇಕಾಗಿದ್ದೇ ಬಿಸಿಲು, ದುರ್ಗದಲ್ಲಿ ಅದಕ್ಕೇನು ಬರ? 100 ಸ್ಪೀಡಿನ (ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಳತೆ) ಕಪ್ಪು–ಬಿಳುಪು ಫಿಲ್ಮ್ ಹಾಕಿ. ಬೆಳಿಗ್ಗೆ ಓರೆ ಬಿಸಿಲಿಗೆ ಬಂಡೆಗಳ ಮೈ ಎದ್ದು ಕಾಣುತ್ತದೆ. ಶಟರ್ ನಿಧಾನ, ಕೈ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ, ಗೋಡೆಗೆ ಒರಗಿಕೊಳ್ಳಿ. ಜನರಿಂದ 10 ಅಡಿ ದೂರ ನಿಲ್ಲಿ. ಓಬವ್ವನ ಕಿಂಡಿಯ ಒಳಗೆ ಬೆಳಕು ಸಾಲದು, ಹೊರಗಿನಿಂದ ತೆಗೆಯಿರಿ. ಹಿಂದಿರುವ ಕೆಂಪು ಕಿಟಕಿಗೆ ಕರೀ ಟೇಪ್ ಹಚ್ಚಿ, ರೋಲು ತಿರುಗಿಸುವಾಗ ಮಾತ್ರ ನೆರಳಲ್ಲಿ ತೆಗೆದು ನಂಬರ್ ನೋಡಿ. ಹಳೇ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಈಗಿನದಕ್ಕೆ ತಾಗುತ್ತದೆ. ತೊಳೆಸಲು ಊರಿನ ಹಳೇ ಸ್ಟುಡಿಯೊದವರನ್ನು ಮೊದಲು ವಿಚಾರಿಸಿ, ಆಗದಿದ್ದರೆ ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡಿ.