ಮೈಸೂರು ಯುದ್ಧಗಳನ್ನು ಮಕ್ಕಳಿಗೆ ಜಗತ್ತಿನ ಚರಿತ್ರೆಯ ಭಾಗವಾಗಿ ಕಲಿಸುವುದು ಹೇಗೆ?

ಹತ್ತನೇ ತರಗತಿಯಲ್ಲಿರುವ ನಿಮ್ಮ ಮಗಳು ನಾಲ್ಕು ಮೈಸೂರು ಯುದ್ಧಗಳ ಇಸವಿಗಳನ್ನೂ ಒಪ್ಪಂದಗಳನ್ನೂ ಬಾಯಿಪಾಠ ಮಾಡಿದ್ದಾಳೆ. ಆದರೆ ಲಂಡನ್ನಿನ ಒಂದು ವ್ಯಾಪಾರಿ ಕಂಪನಿ, ಅಂದರೆ ಈಸ್ಟ್ ಇಂಡಿಯಾ ಕಂಪನಿ, ಇಷ್ಟು ದೂರ ಬಂದು ನಮ್ಮವರ ಮೇಲೆ ಯುದ್ಧ ಮಾಡಿದ್ದೇಕೆ ಎಂದು ಅವಳು ಕೇಳಿದಾಗ ಉತ್ತರ ಹೊಳೆಯಲಿಲ್ಲ, ಈ ಯುದ್ಧಗಳಿಗೆ ಹೊರಜಗತ್ತಿನೊಂದಿಗಿದ್ದ ನಂಟನ್ನು ಅವಳಿಗೂ ಏಳನೇ ತರಗತಿಯ ತಮ್ಮನಿಗೂ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನಾಗಿ ನಾನು ಹೇಳುವುದಿಷ್ಟು: ನಾಲ್ಕು ಯುದ್ಧಗಳನ್ನೂ ಒಟ್ಟಿಗೆ ಹೇಳಲು ಹೋಗಬೇಡಿ. 1780ರಿಂದ 1784ರವರೆಗೆ ನಡೆದ ಎರಡನೆಯ ಯುದ್ಧವನ್ನು ಹಿಡಿಯಿರಿ. ಆಗ ಸುದ್ದಿ ಎಷ್ಟು ಕಾಲಕ್ಕೆ ತಲುಪುತ್ತಿತ್ತು, ಹಣ ಎಲ್ಲಿಂದ ಬರುತ್ತಿತ್ತು, ದಂಡಿನ ಹೊಟ್ಟೆ ತುಂಬಿಸುತ್ತಿದ್ದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡಿ. ಯಾವ ದೇಶ ಯಾವ ದೇಶದ ಮಿತ್ರ ಎಂಬ ಪಟ್ಟಿಯಿಂದ ಹೊರಟರೆ ಹದಿಮೂರು ವರ್ಷದ ಮಗುವಿಗೆ ಅದು ಮತ್ತೊಂದು ಬಾಯಿಪಾಠವಾಗುತ್ತದೆ, ಅಷ್ಟೆ.

ಆರಂಭಕ್ಕೆ ಮಾಹೆ ತಕ್ಕ ಊರು. ಕಣ್ಣೂರಿಗೂ ಕಲ್ಲಿಕೋಟೆಗೂ ನಡುವೆ ಇದ್ದು ಇಂದು ಪುದುಚೇರಿಗೆ ಸೇರಿರುವ ಈ ಪುಟ್ಟ ಬಂದರು ಆಗ ಫ್ರೆಂಚರ ಕೈಯಲ್ಲಿತ್ತು. ಹೈದರಾಲಿಗೆ ಬೇಕಾದ ಮದ್ದುಗುಂಡು ಅಲ್ಲಿ ಬಂದಿಳಿಯುತ್ತಿದ್ದುದರಿಂದ, ಮಾಹೆ ತನ್ನ ರಕ್ಷಣೆಯಲ್ಲಿದೆ, ಅದನ್ನು ಮುಟ್ಟಿದರೆ ಆರ್ಕಾಟಿನ ಮೇಲೆ ಏರಿಬರುತ್ತೇನೆ ಎಂದು ಅವನು ಮದ್ರಾಸಿನ ಕಂಪನಿ ಸರ್ಕಾರಕ್ಕೆ ಮುಂಚೆಯೇ ಎಚ್ಚರಿಕೆ ಕೊಟ್ಟಿದ್ದ. ಆದರೂ 1779ರ ಮಾರ್ಚಿನಲ್ಲಿ ಕಂಪನಿ ಮಾಹೆಯನ್ನು ವಶಪಡಿಸಿಕೊಂಡಿತು. ಇಲ್ಲಿ ನಿಂತು ‘ಏಕೆ’ ಎಂದು ಕೇಳಿಸಿ. ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಿತ್ತು. ಅದು ಏಕೆ? 1778ರ ಫೆಬ್ರವರಿಯಲ್ಲಿ ಫ್ರಾನ್ಸ್, ಬ್ರಿಟಿಷ್ ದೊರೆಯ ವಿರುದ್ಧ ಬಂಡೆದ್ದಿದ್ದ ಅಮೆರಿಕನ್ನರೊಡನೆ ಒಪ್ಪಂದ ಮಾಡಿಕೊಂಡಿತ್ತು. ಅದಕ್ಕೂ ಏಕೆ? ಹಿಂದಿನ ವರ್ಷ ಸಾರಟೋಗಾದಲ್ಲಿ ಬ್ರಿಟಿಷರ ಒಂದು ಸೇನೆಯೇ ಅಮೆರಿಕನ್ನರಿಗೆ ಶರಣಾದದ್ದನ್ನು ಕಂಡ ಫ್ರೆಂಚರಿಗೆ, ಹಳೆಯ ಸೋಲಿನ ಸೇಡು ತೀರಿಸಿಕೊಳ್ಳಲು ಇದೇ ಸಮಯ ಎನಿಸಿತ್ತು. ಹೀಗೆ ಹಿಂದಕ್ಕೆ ನಡೆಯುತ್ತಾ ಭೂಪಟದ ಮೇಲೆ ಮಾಹೆಯಿಂದ ಪ್ಯಾರಿಸ್ಸಿಗೆ, ಅಲ್ಲಿಂದ ಸಾರಟೋಗಾಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಸಿರಿ.

ಇಷ್ಟಾದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಅಮೆರಿಕದ ಗಲಾಟೆಯಿಂದಲೇ ಮೈಸೂರಿನ ಯುದ್ಧ ಹುಟ್ಟಿತು ಎಂದು ಮಗು ಬರೆದರೆ ಅದನ್ನು ತಿದ್ದಬೇಕಾಗುತ್ತದೆ. 1769ರಲ್ಲಿ ಹೈದರನ ಕುದುರೆಪಡೆ ಮದ್ರಾಸಿನ ಹೊರವಲಯದವರೆಗೆ ಬಂದಾಗ ಕಂಪನಿ ಅವನೊಡನೆ ಒಪ್ಪಂದ ಮಾಡಿಕೊಂಡು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗಬೇಕೆಂದು ಮಾತು ಕೊಟ್ಟಿತ್ತು. ಮರುವರ್ಷವೇ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಆ ಮಾತನ್ನು ನಡೆಸಿಕೊಡಲಿಲ್ಲ. ಹೈದರನ ಸಿಟ್ಟು ಅಲ್ಲಿಂದ ಬೆಳೆದು ಬಂದದ್ದು. ಮಾಹೆ ಕಿಡಿ, ಮದ್ದು ಆಗಲೇ ತುಂಬಿತ್ತು.

ಹಣದ ಎಳೆಗೂ 1769ನೇ ಇಸವಿಯೇ ಸರಿಯಾದ ತುದಿ. ಕಂಪನಿ ಎಂದರೆ ಷೇರುದಾರರಿದ್ದ ವ್ಯಾಪಾರ ಸಂಸ್ಥೆ ಎಂಬುದನ್ನು ಇಂದಿನ ಮಕ್ಕಳಿಗೆ ಹೇಳುವುದು ಕಷ್ಟವೇನಲ್ಲ, ಮನೆಯಲ್ಲಿ ಯಾರಾದರೊಬ್ಬರು ಮೊಬೈಲಿನಲ್ಲಿ ಷೇರಿನ ಬೆಲೆ ನೋಡುತ್ತಲೇ ಇರುತ್ತಾರೆ. ಹೈದರಾಲಿ ಕರ್ನಾಟಿಕ್ ಪ್ರಾಂತ್ಯವನ್ನು, ಅಂದರೆ ಇಂದಿನ ತಮಿಳುನಾಡಿನ ಆರ್ಕಾಟಿನ ಸುತ್ತಲ ಸೀಮೆಯನ್ನು, ತುಳಿಯುತ್ತಿರುವ ಸುದ್ದಿ ಆ ವರ್ಷ ಲಂಡನ್ ಮುಟ್ಟಿದಾಗ ಅಲ್ಲಿ ಕಂಪನಿಯ ಷೇರು ಕುಸಿಯಿತು. ಮುಂದೆ ಬಂಗಾಳದಲ್ಲಿ 1770ರ ಭೀಕರ ಬರ, 1772ರಲ್ಲಿ ಯುರೋಪಿನ ಸಾಲದ ಬಿಕ್ಕಟ್ಟು ಎಲ್ಲ ಸೇರಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಗೋದಾಮುಗಳಲ್ಲಿ ರಾಶಿ ಬಿದ್ದಿದ್ದ ಚಹಾವನ್ನು ಮಾರಿ ಅದು ಉಳಿದುಕೊಳ್ಳಲಿ ಎಂದು ಬ್ರಿಟಿಷ್ ಸಂಸತ್ತು 1773ರಲ್ಲಿ ಕಾಯಿದೆ ಮಾಡಿತು, ಅದೇ ಡಿಸೆಂಬರಿನಲ್ಲಿ ಬಾಸ್ಟನ್ನಿನ ಜನ ಆ ಚಹಾದ 342 ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದರು. ಬಾಸ್ಟನ್ನಿನಲ್ಲಿ ನೀರುಪಾಲಾದ ಚಹಾವೂ ಮಾಹೆಯನ್ನು ಹಿಡಿದ ಪಡೆಯೂ ಒಂದೇ ಕಂಪನಿಯವು ಎಂದು ತಿಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಬೆರಗನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ನಿಮ್ಮ ಮಗಳ ಪ್ರಶ್ನೆಗೆ ಉತ್ತರವೂ ಬಹುಮಟ್ಟಿಗೆ ಇಲ್ಲಿದೆ: ಕಂದಾಯ ಎತ್ತುವ ಹಕ್ಕು ಸಿಕ್ಕ ಕಡೆಯೆಲ್ಲ ಸೈನ್ಯ ಸಾಕುವುದು, ಆ ಸೈನ್ಯದ ಖರ್ಚಿಗಾಗಿ ಇನ್ನಷ್ಟು ಕಂದಾಯದ ನೆಲ ಹುಡುಕುವುದು, ಹುಡುಕಿದ ನೆಲದಲ್ಲಿ ಫ್ರೆಂಚರು ನೆಲೆಯೂರದಂತೆ ಮತ್ತೆ ಸೈನ್ಯ ಕಳಿಸುವುದು, ಹೀಗೆ ಒಮ್ಮೆ ಸುತ್ತಲಾರಂಭಿಸಿದ ಗಾಣದಿಂದ ಆ ವ್ಯಾಪಾರ ಸಂಸ್ಥೆ ಹೊರಬರಲೇ ಇಲ್ಲ.

ಇನ್ನು ಸುದ್ದಿಯ ವಿಷಯ. ಒಂದೇ ದಿನದ ಸಮಯವಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಹೇಳಿ. 1778ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ಆರಂಭವಾದ ಸುದ್ದಿ ಈಜಿಪ್ಟಿನ ದಾರಿಯಾಗಿ ಇಂಗ್ಲಿಷರಿಗೆ ಬೇಗ ತಲುಪಿದ್ದರಿಂದ ಅವರು ಅಕ್ಟೋಬರಿನ ಹೊತ್ತಿಗೆ ಪಾಂಡಿಚೇರಿಯನ್ನೇ ಹಿಡಿದಿದ್ದರು. ಯುದ್ಧ ಮುಗಿದ ಸುದ್ದಿಗೆ ಅಂಥ ಅವಸರವಿರಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಸಂಧಿಯ ಮೊದಲ ಕರಾರಿಗೆ ಸಹಿ ಬಿದ್ದದ್ದು 1783ರ ಜನವರಿ 20ರಂದು, ವರ್ಸೇಲ್ಸ್‌ನಲ್ಲಿ. ಅದಾಗಿ ಸುಮಾರು ಐದು ತಿಂಗಳ ಮೇಲೆ, ಜೂನ್ 13ರಂದು, ತಮಿಳುನಾಡಿನ ಕಡಲೂರಿನ ಹೊರಗೆ ಎರಡೂ ಸೇನೆಗಳು ಒಂದರ ಮೇಲೊಂದು ಬಿದ್ದು ಭೀಕರವಾಗಿ ಹೋರಾಡಿದವು. ಫ್ರೆಂಚರ ಸಾಲಿನಲ್ಲಿ ಮೈಸೂರಿನ ಸಿಪಾಯಿಗಳಿದ್ದರು, ಇಂಗ್ಲಿಷರ ಸಾಲಿನಲ್ಲಿ ಮದ್ರಾಸಿನ ಸಿಪಾಯಿಗಳ ಜೊತೆ ಜರ್ಮನಿಯ ಹ್ಯಾನೋವರಿನಿಂದ ಬಂದ ಸೈನಿಕರೂ ಇದ್ದರು, ಏಕೆಂದರೆ ಇಂಗ್ಲೆಂಡಿನ ದೊರೆಯೇ ಹ್ಯಾನೋವರಿಗೂ ಒಡೆಯನಾಗಿದ್ದ. ಜೂನ್ 20ರಂದು ಅದೇ ಊರಿನ ಎದುರು ಕಡಲಿನಲ್ಲಿ ಫ್ರೆಂಚ್ ನೌಕಾಪಡೆಯ ಸಫ್ರೆನ್ ಮತ್ತು ಇಂಗ್ಲಿಷ್ ನೌಕಾಪಡೆಯ ಹ್ಯೂಸ್ ತಮ್ಮ ಐದನೆಯ ಕಾಳಗವನ್ನು ನಡೆಸಿದರು. ಸಂಧಿಯಾದ ಸುದ್ದಿ ಹೊತ್ತ ಹಡಗು ಕಡಲೂರನ್ನು ತಲುಪಿದ್ದು ಆ ತಿಂಗಳ ಕೊನೆಗೆ.

ಈ ಪಾಠ ಮಾಡುವಾಗ ನಾನು ದಿನಾಂಕಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಹಂಗಾದ್ರೆ ಅಲ್ಲಿ ಸತ್ತೋರು ಯಾವ ಯುದ್ಧದಲ್ಲಿ ಸತ್ತಂಗಾಯ್ತು?’ ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ, ಇರಬೇಕೆಂದೂ ನನಗನಿಸುವುದಿಲ್ಲ. ದೂರದ ಅರಮನೆಗಳಲ್ಲಿ ಆದ ತೀರ್ಮಾನಕ್ಕೂ ಅದನ್ನು ಮೈಮೇಲೆ ಹೊರುವವರಿಗೂ ಇರುವ ಅಂತರ ಆ ಪ್ರಶ್ನೆಯಲ್ಲಿ ಆಗಲೇ ಇತ್ತು. ಸುದ್ದಿ ಬಂದೊಡನೆ, ಮಂಗಳೂರಿನ ಕೋಟೆಗೆ ಟಿಪ್ಪು ಹಾಕಿದ್ದ ಮುತ್ತಿಗೆಯಲ್ಲಿ ಜೊತೆಗಿದ್ದ ಫ್ರೆಂಚ್ ತುಕಡಿ ಕೂಡ ಕೈಬಿಟ್ಟು ಸರಿಯಿತು. ಟಿಪ್ಪು ಒಬ್ಬನೇ ಹೋರಾಟ ಮುಂದುವರಿಸಿ 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದ ಮಾಡಿಕೊಂಡ. ಪಠ್ಯದಲ್ಲಿ ಒಂದು ಸಾಲಾಗಿ ಬರುವ ಆ ಒಪ್ಪಂದದ ಹಿನ್ನೆಲೆಯಲ್ಲಿ ವರ್ಸೇಲ್ಸ್ ಇದೆ.

ತಮ್ಮನಿಗಾಗಿ ಒಂದು ಹಡಗಿನ ಕಥೆ ಇಟ್ಟುಕೊಳ್ಳಿ. 1782ರ ಏಪ್ರಿಲಿನಲ್ಲಿ ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ, ಪೆನ್ಸಿಲ್ವೇನಿಯಾದವರ ಒಂದು ಹಡಗು ತನಗಿಂತ ಬಲವಾಗಿದ್ದ ಬ್ರಿಟಿಷ್ ಹಡಗು ‘ಜನರಲ್ ಮಾಂಕ್’ ಅನ್ನು ಸೆರೆಹಿಡಿಯಿತು. ಆ ಅಮೆರಿಕನ್ ಹಡಗಿನ ಹೆಸರು ‘ಹೈದರ್ ಅಲಿ’. ಶತ್ರುವಿನ ಶತ್ರುವನ್ನು ಅವರು ಅಷ್ಟು ದೂರದಿಂದ ಗುರುತಿಟ್ಟುಕೊಂಡಿದ್ದರು.

ದಂಡಿನ ಅನ್ನದ ಪ್ರಶ್ನೆಗೆ ಮಾತ್ರ ಮೂರನೆಯ ಯುದ್ಧಕ್ಕೆ ಹೋಗಬೇಕು. 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದು, ಮಳೆ ಹಿಡಿದು, ಎತ್ತುಗಳು ಸಾಲುಸಾಲಾಗಿ ಸತ್ತು, ಧಾನ್ಯ ಮುಗಿದು, ಕೋಟೆ ಒಡೆಯಲು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಿದ. ಮುಂದಿನ ವರ್ಷ ಅವನು ಮತ್ತೆ ಬರಲು ಸಾಧ್ಯವಾದದ್ದು ಎತ್ತುಗಳ ಮೇಲೆ ಅಕ್ಕಿ, ಕಾಳು ಹೇರಿಕೊಂಡು ದಂಡಿನ ಹಿಂದೆ ನಡೆದ ಬಂಜಾರರಿಂದ, ಅಂದರೆ ನಮ್ಮ ಲಂಬಾಣಿಗಳ ಪೂರ್ವಿಕರಿಂದ. ಅವರು ವ್ಯಾಪಾರಿಗಳು, ಯಾವ ಸೇನೆ ಹಣ ಕೊಟ್ಟರೂ ಧಾನ್ಯ ಮುಟ್ಟಿಸುತ್ತಿದ್ದರು. ಈ ಮಾತು ಬಂದಾಗ ತಾಂಡಾದಿಂದ ಬರುವ ಹುಡುಗಿಯೊಬ್ಬಳು, ತಮ್ಮವರು ಹಿಂದೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದರೆಂದು ಅಜ್ಜ ಹೇಳುವುದನ್ನು ಇಡೀ ತರಗತಿಗೆ ಹೇಳಿದಳು. ಇಂಥ ಯುದ್ಧದ ಬಗ್ಗೆ ಮನೆಯಲ್ಲಿ ನೆನಪಿರುವ ಮಕ್ಕಳು ನಾವು ತಿಳಿದಿರುವುದಕ್ಕಿಂತ ಹೆಚ್ಚು.

ಪರಿಣಾಮಗಳ ವಿಷಯದಲ್ಲಿ ನನ್ನದೊಂದು ತಕರಾರಿದೆ. ಎಲ್ಲರೂ ರಾಕೆಟ್ಟಿನಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳನ್ನು ನೋಡಿ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು, ಅವು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೂ 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕೋಟೆಯ ಮೇಲೂ ಬಿದ್ದದ್ದು ನಿಜ, ಮಕ್ಕಳಿಗೆ ಇಷ್ಟವೂ ಆಗುತ್ತದೆ. ಆದರೆ ಕೋಪನ್‌ಹೇಗನ್ನಿನಲ್ಲಿ ಬೆಂಕಿಗೆ ಸಿಕ್ಕಿದವರು ಊರಿನ ಸಾಮಾನ್ಯ ಜನ ಎಂಬುದನ್ನೂ ಹೇಳದಿದ್ದರೆ ಅದು ಬರೀ ಹೆಮ್ಮೆಯ ಪಾಠ. ನಾನು ಹೆಚ್ಚು ಹೊತ್ತು ನಿಲ್ಲುವುದು ಮನುಷ್ಯರ ಬಳಿ. ಹೈದರನ ಸೇನೆ 1780ರಲ್ಲಿ ಸುಟ್ಟ ಕರ್ನಾಟಿಕ್ ಪ್ರಾಂತ್ಯದ ಹಳ್ಳಿಗಳು ಮತ್ತು ಅದರ ಬೆನ್ನಿಗೆ ಮದ್ರಾಸನ್ನು ಹಿಡಿದ ಕ್ಷಾಮ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದ ಕ್ರೈಸ್ತ ಕುಟುಂಬಗಳು. 1791ರಲ್ಲಿ ಮರಾಠ ಸೇನೆಯ ಪಿಂಡಾರಿಗಳು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದಾಗ ದಿಕ್ಕೆಟ್ಟವರು, ಆ ಮಠದ ಸ್ವಾಮಿಗಳಿಗೆ ಟಿಪ್ಪು ಕನ್ನಡದಲ್ಲಿ ಬರೆಸಿದ ಕಾಗದಗಳು. 1792ರಲ್ಲಿ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಯ ಕರಾರಿಗೆ ಒತ್ತೆಯಾಗಿ ಕಾರ್ನ್‌ವಾಲಿಸನ ಪಾಳೆಯಕ್ಕೆ ಹೋದ, ನಿಮ್ಮ ಮಗನಿಗಿಂತ ಚಿಕ್ಕವರಾಗಿದ್ದ ಟಿಪ್ಪುವಿನ ಇಬ್ಬರು ಮಕ್ಕಳು. ಅಂದಹಾಗೆ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾದದ್ದು ಇದೇ ಕಾರ್ನ್‌ವಾಲಿಸನ ಸೇನೆಯೇ.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ. ಟಿವಿ ಚರ್ಚೆಗಳು ಅದನ್ನು ಬಿಟ್ಟು ಬೇರೆ ಕೇಳುವುದಿಲ್ಲ. ಮೇಲೆ ಹೇಳಿದ ಒಂದೊಂದು ಗುಂಪಿನ ಕಡೆಯಿಂದಲೂ ಆ ವರ್ಷಗಳನ್ನು ನೋಡಿದ ಮೇಲೆ ಬೇಕಾದರೆ ತೀರ್ಪು ಕೊಡು, ಅಲ್ಲಿಯವರೆಗೆ ಅವಸರ ಬೇಡ ಎಂದು ನಾನು ಹೇಳುತ್ತೇನೆ. ಕಂಪನಿಯ ಸೇನೆಯಲ್ಲಿ ಹೆಚ್ಚಿನವರು ಈ ನೆಲದ ಸಿಪಾಯಿಗಳೇ ಆಗಿದ್ದರು, 1799ರ ನಾಲ್ಕನೆಯ ಯುದ್ಧದಲ್ಲಿ ಹೈದರಾಬಾದಿನ ನಿಜಾಮನ ಸೇನೆಯೂ ಅವರ ಜೊತೆಗಿತ್ತು ಎಂಬುದನ್ನು ಮುಚ್ಚಿಡಬೇಡಿ. ‘ನಾವು’ ಮತ್ತು ‘ಅವರು’ ಎಂಬ ಲೆಕ್ಕ ಆಗ ಬೇರೆಯೇ ಇತ್ತು.

ನಿಮ್ಮ ಮನೆ ಬೆಂಗಳೂರಿನಲ್ಲಿದ್ದರೆ ಪರಿಣಾಮ ಹುಡುಕಲು ದೂರ ಹೋಗಬೇಕಿಲ್ಲ. 1799ರ ನಂತರ ಮೈಸೂರು ವರ್ಷಕ್ಕೆ 7 ಲಕ್ಷ ವರಾಹ ಕೊಟ್ಟು ಕಂಪನಿಯ ಸೈನ್ಯವನ್ನು ಸಾಕಬೇಕಾಯಿತು, ಆ ಸೈನ್ಯ ಶ್ರೀರಂಗಪಟ್ಟಣದ ಚಳಿಜ್ವರ ತಾಳಲಾರದೆ 1809ರ ಹೊತ್ತಿಗೆ ಬೆಂಗಳೂರಿಗೆ ಬಂದು ನೆಲೆಸಿತು. ರೈಲು ನಿಲ್ದಾಣದ ಫಲಕದಲ್ಲಿ ಬಹುಕಾಲ ‘ಬೆಂಗಳೂರು ದಂಡು’ ಎಂದು ಓದುತ್ತಾ ಬಂದದ್ದು ಆ ದಂಡನ್ನೇ. ಶ್ರೀರಂಗಪಟ್ಟಣಕ್ಕೆ ಕರೆದೊಯ್ಯುವುದಾದರೆ ದರಿಯಾ ದೌಲತ್ ಮುಗಿಸಿ ಕಾವೇರಿ ದಂಡೆಯ ಹಳೆಯ ಸೈನಿಕರ ಸ್ಮಶಾನಕ್ಕೂ ಹೋಗಿ. ಅಲ್ಲಿ ‘ದ ಮ್ಯೂರಾನ್’ ಎಂಬ ಸ್ವಿಸ್ ಪಡೆಯವರ ಗೋರಿಗಳಿವೆ. ಆ ಪಡೆಯನ್ನು ಕಟ್ಟಿದ್ದು ಡಚ್ಚರಿಗಾಗಿ. ಸಿಂಹಳದಲ್ಲಿದ್ದಾಗ 1795ರಲ್ಲಿ ಅದು ಇಂಗ್ಲಿಷರ ಸಂಬಳಕ್ಕೆ ಬಂತು, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಿತು, 1813ರಲ್ಲಿ ಕೆನಡಾ ತಲುಪಿ ಅಮೆರಿಕನ್ನರ ಎದುರು ನಿಂತಿತು. ಗೋರಿಯ ಕಲ್ಲಿನ ಮೇಲಿನ ಹೆಸರನ್ನು ಮಗಳು ಓದಲಿ, ಆ ಪಡೆ ನಡೆದ ದಾರಿಯನ್ನು ತಮ್ಮ ಭೂಪಟದಲ್ಲಿ ಗುರುತಿಸಲಿ. ಪರೀಕ್ಷೆಗೆ ಮಾತ್ರ ಪಠ್ಯದಲ್ಲಿ ಇದ್ದಂತೆಯೇ ಬರೆಯಲು ಹೇಳಿ. ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಸಾರಟೋಗಾ ಇರುವುದಿಲ್ಲ.