ಅಕ್ಕೋರು ತಂದ ಬ್ರೋಷರ್, ಮಾಣಿಯ ಕನ್ನಡ ಪಟ್ಟಿ

ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರ ಸ್ವಲ್ಪ ಬದಲಿಸಿದ್ದೇನೆ. ಹೆಸರು ಹೇಳುವುದಿಲ್ಲ, ‘ಅಕ್ಕೋರು’ ಅನ್ನುತ್ತೇನೆ. ನಮ್ಮ ಉತ್ತರ ಕನ್ನಡದಲ್ಲಿ ಟೀಚರನ್ನು ಕರೆಯುವುದೇ ಹಾಗೆ. ಬರೆಯಿರಿ ಅಂತ ಅವರೇ ಹೇಳಿದ ಮೇಲೆ ಬರೆದದ್ದು ಇದು.

ಅವರು ಸಲಹೆ ಕೇಳಲು ನನ್ನ ಹತ್ತಿರ ಮೊದಲ ಸಲ ಬಂದಾಗ ಶಿರಸಿಯಲ್ಲಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಸಿದ್ದಾಪುರ ಕಡೆಯ ಬಸ್ಸಿನಿಂದ ಇಳಿದವರು ಸೀರೆಯ ಅಂಚೆಲ್ಲ ನೆನೆಸಿಕೊಂಡಿದ್ದರು. ಕೈಯಲ್ಲಿದ್ದ ಬ್ರೋಷರ್ ಮಾತ್ರ ಒಂದು ಹನಿ ಬೀಳದಂತೆ ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿತ್ತು. ಎಂ.ಎ., ಬಿ.ಎಡ್. ಮಾಡಿ ಆರು ವರ್ಷ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದವರು. ಮನೆಯಲ್ಲಿ ಅಡಿಕೆ ತೋಟ, ಗಂಡ, ಅತ್ತೆ, ಒಂಬತ್ತು ವರ್ಷದ ಮಾಣಿ, ಅಂದರೆ ಮಗ.

“ಮೇಡಂ, ನಮ್ಮನೆಯವರಿಗೆ ನೀವು ಒಂದು ಮಾತು ಹೇಳಬೇಕು. ನಾನು ಹೇಳಿದ್ರೆ ಕೇಳೋದಿಲ್ಲ.”

ಬ್ರೋಷರ್ ಅಮೆರಿಕದ ಒಂದು ವಿಶ್ವವಿದ್ಯಾಲಯದ್ದು. ವಿಶೇಷ ಶಿಕ್ಷಣದಲ್ಲಿ, ಅಂದರೆ ನ್ಯೂನತೆ ಇರುವ ಮಕ್ಕಳಿಗೆ ಕಲಿಸುವುದರಲ್ಲಿ, ಗ್ರಾಜುಯೇಟ್ ಸರ್ಟಿಫಿಕೇಟ್. ಐದು ಕೋರ್ಸು, ಹದಿನೈದು ಕ್ರೆಡಿಟ್ಟು, ಒಂದು ವರ್ಷ, ಎಲ್ಲ ಆನ್‌ಲೈನ್. ನಮ್ಮ ದುಡ್ಡಲ್ಲಿ ಸುಮಾರು ಆರೂವರೆ ಲಕ್ಷ. ಫೋನ್ ಮಾಡಿದ ಏಜೆಂಟ್ “ಇದು ಮುಗಿಸಿದ್ರೆ ಎಲ್ಲಿ ಬೇಕಾದ್ರೂ ಸ್ಪೆಷಲ್ ಎಜುಕೇಟರ್ ಆಗಬಹುದು” ಅಂದಿದ್ದ. ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು ಸೇರುವುದು ಅಂತ ಅಕ್ಕೋರು ಲೆಕ್ಕ ಹಾಕಿಯೂ ಆಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕೋರ್ಸಿನ ವಿಷಯ ನನಗೆ ಗೊತ್ತಿತ್ತು, ಹಾಗಾಗಿ ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಭಾರತದಲ್ಲಿ ಸ್ಪೆಷಲ್ ಎಜುಕೇಟರ್ ಅಂತ ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ರಿಜಿಸ್ಟರಿನಲ್ಲಿ ಹೆಸರಿರಬೇಕು. 1992ರ ಕಾಯ್ದೆ ಅದು. ಹೆಸರಿಲ್ಲದೆ ಆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಂತಲೂ ಅದರಲ್ಲಿದೆ. (ಆ ಸಾವಿರ ರೂಪಾಯಿಗೆ ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ, ಆದರೆ ನೌಕರಿಗೆ ಅರ್ಜಿ ಹಾಕುವಾಗ ಆ ರಿಜಿಸ್ಟರಿನ ನಂಬರನ್ನೇ ಕೇಳುತ್ತಾರೆ.) ಹೊರದೇಶದ ಸರ್ಟಿಫಿಕೇಟ್ ತಂದ ಮಾತ್ರಕ್ಕೆ ಆ ನಂಬರ್ ಸಿಗುವುದಿಲ್ಲ. ಅಮೆರಿಕದಲ್ಲೂ ಇಂಥ ಸರ್ಟಿಫಿಕೇಟ್ ಹೆಚ್ಚಾಗಿ ಆಗಲೇ ಟೀಚರ್ ಲೈಸೆನ್ಸ್ ಇದ್ದವರು ಓದುವಂಥದ್ದು. ಲೈಸೆನ್ಸ್ ಕೊಡುವುದು ಅಲ್ಲಿನ ಆಯಾ ರಾಜ್ಯ, ವಿಶ್ವವಿದ್ಯಾಲಯ ಅಲ್ಲ. ಪಾಠದಲ್ಲಿ ದೊಡ್ಡ ಪಾಲು ಅವರ ಕಾನೂನು, ಅವರ ಶಾಲೆಯ ಪದ್ಧತಿ.

ಅಕ್ಕೋರು ತಲೆ ಆಡಿಸಿದರು. “ಆಯ್ತು ಮೇಡಂ” ಅಂದರು. ಬ್ರೋಷರನ್ನು ಮತ್ತೆ ಕೊಟ್ಟೆಗೆ ಹಾಕಿಕೊಂಡು ಹೋದರು. ಮೂರು ವಾರ ಸುದ್ದಿಯೇ ಇಲ್ಲ.

ಹೇಳಿದ್ದೆಲ್ಲ ಸರಿಯಾಗಿತ್ತು, ನಿಜ. ಆದರೆ ಅವರಿಗೆ ಈ ಕೋರ್ಸು ಯಾಕೆ ಇಷ್ಟು ಜರೂರು ಅಂತ ನಾನು ಕೇಳಿಯೇ ಇರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ ಉತ್ತರ ಕೊಟ್ಟು ಕಳಿಸಿದ್ದೆ. ನಾನೇ ಫೋನ್ ಮಾಡಿ, ಇನ್ನೊಂದು ಸಲ ಬನ್ನಿ, ಈ ಸಲ ನಾನು ಕೇಳಿಸಿಕೊಳ್ಳುತ್ತೇನೆ ಅಂದೆ.

ಎರಡನೇ ಸಲ ಬ್ರೋಷರಿನ ಜೊತೆ ಇನ್ನೊಂದು ವಸ್ತು ಬಂತು, ಮಾಣಿಯ ಕನ್ನಡ ಪಟ್ಟಿ. ನೋಟ್‌ಬುಕ್ಕಿಗೆ ನಮ್ಮಲ್ಲಿ ಪಟ್ಟಿ ಅನ್ನುತ್ತಾರೆ. ಅದನ್ನು ಮೇಜಿನ ಮೇಲಿಟ್ಟು ಅವರು ಕಿಟಕಿ ಕಡೆ ನೋಡುತ್ತ ಕೂತರು.

ನಾಲ್ಕನೇ ಕ್ಲಾಸಿನ ಉಕ್ತಲೇಖನ. ‘ಅಜ್ಜಿ’ ಇದ್ದಲ್ಲಿ ‘ಅಜಿ’. ‘ಹಳ್ಳ’ ಇದ್ದಲ್ಲಿ ‘ಹಳ’. ‘ಅಮ್ಮ’ ಎರಡು ಕಡೆ ‘ಅಮ’, ಒಂದು ಕಡೆ ‘ಅವ’. ಒತ್ತಕ್ಷರ ಒಂದೂ ನಿಂತಿಲ್ಲ. ‘ಅಡಿಕೆ’ಯನ್ನು ‘ಅಡಕೆ’ ಅಂತ ಬರೆದಿದ್ದ. ಅದಕ್ಕೂ ಕೆಂಪು ಗೆರೆ ಬಿದ್ದಿತ್ತು, ಆದರೆ ನಮ್ಮೂರಲ್ಲಿ ಹೇಳುವುದೇ ಹಾಗೆ, ಅದೊಂದನ್ನು ಹುಡುಗನ ಲೆಕ್ಕಕ್ಕೆ ಹಾಕಬಾರದು ಅಲ್ವಾ. ಕೆಳಗೆ ‘ಅಜ್ಜಿ’ಯನ್ನು ಹತ್ತು ಸಲ ಬರೆಸಿದ್ದರು. ಮೊದಲ ಮೂರು ಸರಿ. ನಾಲ್ಕನೆಯದರಲ್ಲಿ ಒತ್ತು ಸಣ್ಣದಾಗಿದೆ. ಏಳನೆಯದರಿಂದ ಮತ್ತೆ ‘ಅಜಿ’. ಹತ್ತನೆಯದನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆ ತೂತಾಗಿತ್ತು.

“ಹತ್ತು ಸಲ ಬರೆಸಿದ್ದು ಶಾಲೆಯಲ್ಲಲ್ಲ ಮೇಡಂ, ನಾನು” ಅಂದರು ಅಕ್ಕೋರು. “ಆ ತೂತು ಬಿದ್ದಾಗ ಹೊಡೆದೆ. ಬೇರೆಯವರ ಮಕ್ಕಳಿಗೆ ಎಂದೂ ಕೈ ಎತ್ತಿದವಳಲ್ಲ.”

ಮಾಣಿ ದಡ್ಡ ಅಲ್ಲ. ಸುಲಿದ ಅಡಿಕೆ ರಾಶಿ ಎದುರು ಕೂತರೆ ಯಾವುದು ಒಳ್ಳೆ ಚಾಲಿ, ಯಾವುದು ಕಳಪೆ ಕೋಕಾ ಅಂತ ಕಣ್ಣಲ್ಲೇ ಬೇರೆ ಮಾಡುತ್ತಾನೆ. ಬಾಯಿಲೆಕ್ಕದಲ್ಲಿ ಅಪ್ಪನಿಗಿಂತ ಚುರುಕು. ಓದು ಅಂದರೆ ಮಾತ್ರ ಹೊಟ್ಟೆನೋವು. ಅತ್ತೆಯ ತೀರ್ಪು ಒಂದೇ: “ಮಾಣಿಗೆ ಉದಾಸೀನ, ಬೇರೆ ಎಂತೂ ಇಲ್ಲೆ.” ಗಂಡ ಮಾತೇ ಆಡುವುದಿಲ್ಲ. ಅವರಿಗೂ ಚಿಕ್ಕಂದಿನಲ್ಲಿ ಓದು ಹತ್ತಿರಲಿಲ್ಲವಂತೆ.

ಆಗ ನನಗೆ ಗಂಟು ಎಲ್ಲಿದೆ ಅಂತ ಕಂಡಿತು. ಆರೂವರೆ ಲಕ್ಷದಲ್ಲಿ ಅರ್ಧ ನೌಕರಿಗೆ, ಇನ್ನರ್ಧ ಆ ಹೊಡೆತಕ್ಕೆ. ತಾನು ಕಲಿತು ಬಂದು ಮಗನನ್ನು ಸರಿ ಮಾಡಬೇಕು, ಅಲ್ಲಿಯವರೆಗೆ ಯಾರಿಗೂ ಹೇಳಬಾರದು. ಹಾಗಂತ ಅವರು ಬಾಯಿ ಬಿಟ್ಟು ಹೇಳಲಿಲ್ಲ. “ಒಂದು ವರ್ಷ ಕಾದರೆ ನಾನೇ ನೋಡಿಕೊಳ್ತೇನೆ” ಅಂದರು, ಅಷ್ಟೆ.

ಅವರಿಗೆ ನಾನು ಕೊಟ್ಟ ಸಲಹೆಯ ತಿರುಳು ಇದು: ಮಗನ ವಿಷಯ ಬೇರೆ, ನಿಮ್ಮ ವೃತ್ತಿಯ ವಿಷಯ ಬೇರೆ. ಎರಡನ್ನೂ ಒಂದೇ ಫೀಜಿನಲ್ಲಿ ಮುಗಿಸಲು ಹೋಗಬೇಡಿ. ಮಗನದು ಈ ತಿಂಗಳು ಆಗಬೇಕಾದದ್ದು. ನಿಮ್ಮದು ಆರು ತಿಂಗಳು ಕಾದರೂ ನಡೆಯುತ್ತದೆ.

ಮಗನದು ಮೊದಲು. ಇದು ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಹತ್ತದ ತೊಂದರೆ, ಇರಬಹುದು, ಇಲ್ಲದೆಯೂ ಇರಬಹುದು. ಪಟ್ಟಿ ನೋಡಿ ನಾನು ಹೇಳುವಂಥದ್ದಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಆಮೇಲೆ ಧಾರವಾಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಬುದ್ಧಿಮತ್ತೆಯ ಪರೀಕ್ಷೆ, ಜೊತೆಗೆ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. 2018ರ ಮಾರ್ಗಸೂಚಿಯಲ್ಲಿ 14ಕ್ಕೆ, 18ಕ್ಕೆ ಮತ್ತೆ ನೋಡಬೇಕು ಅಂತಿತ್ತು. ಹುಡುಗನಿಗೆ ಒಂಬತ್ತು, ಅಂದರೆ ತಡವಾಗಿಲ್ಲ. ಮುಂದೆ ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಸಮಯ, ಬರೆಯುವವರ ಸಹಾಯ ಕೇಳುವಾಗ ಈ ಕಾಗದ ಬೇಕಾಗುತ್ತದೆ. “ಹಣೆಪಟ್ಟಿ ಬೀಳ್ತದಲ್ಲ ಮೇಡಂ?” ಅಂದರು. ಉದಾಸೀನ ಅನ್ನುವ ಹಣೆಪಟ್ಟಿ ಈಗಾಗಲೇ ಬಿದ್ದಿದೆಯಲ್ಲ ಅಂದೆ.

ಶಾಲೆಗೆ ಹೋಗಿ ಹೆಡ್‌ಮಾಸ್ತರ ಹತ್ತಿರ ನೇರವಾಗಿ ಮಾತಾಡಿ, ಬಿಆರ್‌ಸಿಯಲ್ಲಿ, ಅಂದರೆ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಇದ್ದಾರೆಯೇ ಕೇಳಿ ಅಂತಲೂ ಹೇಳಿದೆ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ತಾಲೂಕು ಮಟ್ಟದ ಶಿಕ್ಷಕರು ಅವರು. ತಾನೇ ಟೀಚರ್ ಆಗಿ ಇನ್ನೊಬ್ಬ ಟೀಚರ ಎದುರು ಮಗನ ಪಟ್ಟಿ ಬಿಚ್ಚುವುದು ಅಕ್ಕೋರಿಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಎರಡು ಸಲ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದರು.

ಮನೆಯಲ್ಲಿ ಮಾಡಲು ಹೇಳಿದ್ದು ಸ್ವಲ್ಪವೇ. ಹತ್ತು ಸಲ ಬರೆಸುವುದು ಇವತ್ತಿಗೇ ನಿಲ್ಲಬೇಕು. ದಿನಕ್ಕೆ ಇಪ್ಪತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಮೊದಲು ಕಿವಿ, ಆಮೇಲೆ ಕೈ. ‘ಅಮಟೆ’ ಅಂದರೆ ಮೂರು ಅಡಿಕೆ ಇಡಲಿ: ಅ, ಮ, ಟೆ. ‘ಅಜ್ಜಿ’ ಅಂದಾಗ ಎರಡೇ ಅಡಿಕೆ, ಆದರೆ ಎರಡನೆಯದರ ಕೆಳಗೆ ಒಂದು ಹೋಳು, ಜ-ಗೆ ಆತುಕೊಂಡು ನಿಂತ ಇನ್ನೊಂದು ಜ ಅದು. ಒಂದು ವಾರಕ್ಕೆ ಒಂದೇ ಒತ್ತಕ್ಷರ. ಬರೆಯುವುದು ಮರಳಿನ ತಟ್ಟೆಯಲ್ಲಿ ಬೆರಳಿನಿಂದ. ಅಲ್ಲಿ ರಬ್ಬರ್ ಬೇಕಿಲ್ಲ, ತೂತೂ ಬೀಳುವುದಿಲ್ಲ. ನೆಂಟರ ಮಕ್ಕಳ ಎದುರು ಗಟ್ಟಿಯಾಗಿ ಓದಿಸಬೇಡಿ. ಕತೆಯನ್ನು ನೀವೇ ಓದಿ ಹೇಳಿ.

ಇದನ್ನು ಹೇಳುವಾಗಲೇ ಬ್ರೋಷರಿನ ಮಾತು ತಾನಾಗಿ ಬಂತು. ಅದರ ಓದಿನ ಪಾಠವೆಲ್ಲ ಇಂಗ್ಲಿಷ್ ಓದುವ ಮಗುವಿನದು. 26 ಅಕ್ಷರ, ಒಂದೊಂದಕ್ಕೆ ಹಲವು ಸದ್ದು. ನಮ್ಮ ಮಾಣಿಯ ತೊಡಕು ಗುಣಿತದಲ್ಲಿ, ಒತ್ತಿನಲ್ಲಿ. ಅವೆಲ್ಲ ಸೇರಿದರೆ ಕಣ್ಣು ನೂರಾರು ರೂಪ ಹಿಡಿಯಬೇಕು. ತೊಂದರೆ ಇಲ್ಲದ ಮಕ್ಕಳಿಗೂ ಅದು ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ಅಕ್ಕೋರು ಪಟ್ಟಿ ಕೈಗೆತ್ತಿಕೊಂಡು ತುಂಬ ಹೊತ್ತು ನೋಡಿದರು. “ಹಾಗಾದ್ರೆ ಅವರು ಇವನ ‘ಅಜಿ’ಗೆ ಏನೂ ಹೇಳೋದಿಲ್ಲ” ಅಂದರು.

ಮೂರನೇ ಸಲ ಗಂಡನೂ ಬಂದಿದ್ದರು. ಬಂಗಾರದ ಮಾತು ಬರುತ್ತದೆ ಅಂತ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ನನ್ನಿಂದ ಬಂತಾ ಇದು?” ಮನೆತನದಲ್ಲಿ ಬರುವುದುಂಟು, ಆದರೆ ಅದು ಯಾರ ತಪ್ಪೂ ಅಲ್ಲ ಅಂತ ಹೇಳಿದೆ. ಓದು ಹತ್ತದಿದ್ದರೂ ಆರು ಎಕರೆ ತೋಟ ನಡೆಸಿದವರು ಎದುರಿಗೇ ಇದ್ದೀರಲ್ಲ ಅಂತಲೂ ಅಂದೆ. ಅವರು ಕಣ್ಣು ಒರೆಸಿಕೊಂಡರು. ಅಕ್ಕೋರು ಅದನ್ನು ನೋಡಿಯೂ ನೋಡದ ಹಾಗೆ ಕೂತಿದ್ದರು.

ವೃತ್ತಿಯ ಮಾತಿಗೆ ಬಂದದ್ದು ಅದಾದ ಮೇಲೆ. ಅಕ್ಕೋರಿಗೆ ಈ ಕೆಲಸದ ಮೇಲೆ ನಿಜವಾಗಿಯೂ ಮನಸ್ಸಿದೆ, ಬರೀ ಮಗನಿಗಾಗಿ ಅಲ್ಲ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂದದ್ದನ್ನು ಅವರು ಓದಿಕೊಂಡೇ ಬಂದಿದ್ದರು. ಹುದ್ದೆ ಯಾವಾಗ ಭರ್ತಿಯಾಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಕರೆದ ದಿನ ನಂಬರ್ ಕೈಯಲ್ಲಿರಬೇಕು, ಅದಂತೂ ಹೌದು. ಅದಕ್ಕೆ ದಾರಿ ಆರ್‌ಸಿಐ ಒಪ್ಪಿದ ವಿಶೇಷ ಶಿಕ್ಷಣದ ಬಿ.ಎಡ್. ಅಥವಾ ಡಿ.ಎಡ್. ಮಾಡುವುದು. ಹತ್ತಾರು ಗಂಟೆಯ ಆನ್‌ಲೈನ್ ಸರ್ಟಿಫಿಕೇಟುಗಳನ್ನು ತಿಳಿವಳಿಕೆಗೆ ಮಾಡಿ, ನೌಕರಿ ಸಿಗುತ್ತದೆ ಅಂತ ಮಾಡಬೇಡಿ ಅಂದೆ.

ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಯಾವ ಸಂಸ್ಥೆಗೆ ಹೋದರೂ ಮೂರು ಕೇಳಿ ಅಂತ. ನಾವು ಸೇರುವ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯೇ, ಪತ್ರ ತೋರಿಸಿ. ಯಾವ ನ್ಯೂನತೆಯ ವಿಭಾಗ? ಶ್ರವಣದ್ದೋ, ಬುದ್ಧಿ ಬೆಳವಣಿಗೆಯದ್ದೋ, ಕಲಿಕೆಯದ್ದೋ? ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಬಿ.ಎಡ್. ದೊಡ್ಡ ಹೆಸರಿನದು, ಆದರೆ ಅದು ಶ್ರವಣದ್ದು, ಅಕ್ಕೋರಿಗೆ ಬೇಕಾದದ್ದು ಅದಲ್ಲ. ಮೂರನೆಯದು, ಮಕ್ಕಳ ಜೊತೆ ನಿಜವಾಗಿ ಎಷ್ಟು ದಿನ ಕೂರಿಸುತ್ತೀರಿ, ಯಾವ ಶಾಲೆಯಲ್ಲಿ?

ಧಾರವಾಡದ ವರದಿ ಬಂದಿದೆ. ಬುದ್ಧಿಮತ್ತೆ ಚೆನ್ನಾಗಿದೆ, ಓದು-ಬರಹದಲ್ಲಿ ಕಲಿಕಾ ನ್ಯೂನತೆ ಇದೆ. ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದಾರೆ. ಒತ್ತಕ್ಷರ ನಾಲ್ಕನೆಯದಕ್ಕೆ ಬಂದಿದೆ. ಜ-ಗೆ ಜ ಒತ್ತು ಈಗಲೂ ಕೆಲವು ದಿನ ಬಿದ್ದುಹೋಗುತ್ತದೆ. ಮರಳಿನ ತಟ್ಟೆಯ ಪಕ್ಕ ಈಗ ಅತ್ತೆಯೂ ಕೂರುತ್ತಾರಂತೆ, ಹೋಳು ಇಡುವ ಕೆಲಸ ಅವರದ್ದು.

ಅಕ್ಕೋರು ಒಂದು ಸಂಸ್ಥೆಗೆ ಹೋಗಿ ಬಂದರು. ಮೊದಲ ಎರಡು ಪ್ರಶ್ನೆಗೆ ಪಟಪಟ ಉತ್ತರ ಬಂತಂತೆ. ಮೂರನೆಯದಕ್ಕೆ “ಅದೆಲ್ಲ ಅಡ್ಜಸ್ಟ್ ಮಾಡೋಣ ಮೇಡಂ, ನೀವು ದಿನಾ ಬರಬೇಕಂತಿಲ್ಲ” ಅಂದರಂತೆ. ಇವರು ಫಾರ್ಮ್ ಅಲ್ಲೇ ಬಿಟ್ಟು ಬಂದಿದ್ದಾರೆ. ದಸರಾ ರಜೆ ಬಿದ್ದ ಮೇಲೆ ಇನ್ನೊಂದು ಕಡೆ ನೋಡಿ ಬರುತ್ತಾರೆ, ಮಾಣಿಯನ್ನೂ ಕರೆದುಕೊಂಡು.