ಕಾಸರಗೋಡಿನಲ್ಲಿ ಬಿ.ಎ. ಮುಗಿಸಿದ್ದೇನೆ, ಕನ್ನಡ ಎಂ.ಎ., ಪಿಎಚ್.ಡಿ. ಮಾಡಬೇಕೇ?

ಎಂ.ಎ. ಧೈರ್ಯವಾಗಿ ಮಾಡಿ, ಪಿಎಚ್.ಡಿ.ಗೆ ಸಂಶೋಧನಾ ಶಿಷ್ಯವೇತನ (ಜೆಆರ್‌ಎಫ್) ಕೈಗೆ ಬಂದ ಮೇಲೆ ಸೇರಿ. ಇವೆರಡೂ ಒಯ್ಯುವ ಹುದ್ದೆಗಳು ಬೇರೆ. ಕೇರಳದ ಹೈಯರ್ ಸೆಕೆಂಡರಿಯಲ್ಲಿ ಕನ್ನಡ ಕಲಿಸಲು ಎಂ.ಎ., ಬಿ.ಎಡ್., ಸೆಟ್ (ರಾಜ್ಯ ಅರ್ಹತಾ ಪರೀಕ್ಷೆ) ಅರ್ಹತೆ ಬೇಕು, ಪಿಎಚ್.ಡಿ. ಬೇಡ. ಪಿಎಚ್.ಡಿ.ಗೆ ಬೆಲೆ ಇರುವುದು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ. ಗಡಿಯ ಈಚೆ, ಅಂದರೆ ಕೇರಳದಲ್ಲಿ, ಅವುಗಳಲ್ಲಿನ ಕನ್ನಡ ವಿಭಾಗಗಳೇ ಬೆರಳೆಣಿಕೆಯಷ್ಟು. ಹೆಚ್ಚಾಗಿ ಯಾರಾದರೂ ನಿವೃತ್ತರಾದಾಗಲೇ ಜಾಗ ಖಾಲಿಯಾಗುತ್ತದೆ. ಅಷ್ಟು ವರ್ಷ ಮನೆಯ ಅಡಕೆ ದುಡ್ಡನ್ನೇ ನಂಬಿ ಕಾಯುವುದು, ನನ್ನ ಪ್ರಕಾರ, ಸಂಶೋಧನೆಗೂ ಕೇಡು. ಜೆಆರ್‌ಎಫ್ ಇದ್ದರೆ 2023ರ ದರದಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ವಿಷಯಕ್ಕಂತೂ ಬರವಿಲ್ಲ: ಯಕ್ಷಗಾನ, ಪಾಡ್ದನ (ತುಳುವಿನ ಮೌಖಿಕ ಕಥನಗೀತೆ), ಭಾಷಾ ಸಂಪರ್ಕ (ಭಾಷೆಗಳ ನಡುವಿನ ಕೊಡುಕೊಳ್ಳುವಿಕೆ) ಎಲ್ಲವೂ ಮನೆಯಂಗಳದಲ್ಲೇ ಇವೆ. ಜೆಆರ್‌ಎಫ್‌ಗೆ ವಯೋಮಿತಿ ಇರುವುದರಿಂದ ಎಂ.ಎ. ಕೊನೆಯ ವರ್ಷದಲ್ಲೇ ಆ ಶಿಷ್ಯವೇತನಕ್ಕೆ ಆಯ್ಕೆ ಮಾಡುವ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಿರಿ.